ಎಸೆಯಲಾಯಿತು

ಐದನೇ ಸೆಮಿಸ್ಟರ್‌ನಲ್ಲಿ ಎಕ್ಸ್‌ಚೇಂಜ್‌ಗೆ ಅಂತ ಫಿನ್ಲೆಂಡ್‌ಗೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಚಳಿ ಎಷ್ಟಿತ್ತು? ನಾರ್ದರ್ನ್ ಲೈಟ್ಸ್ ನೋಡಿದ್ಯಾ? ಚಳಿ ಇತ್ತು. ಲೈಟ್ಸ್ ನೋಡಲಿಲ್ಲ, ಯಾವಾಗ ನೋಡಿದರೂ ಮೋಡ. ಆದರೆ ಆ ನಾಲ್ಕು ತಿಂಗಳು ಓದೋದು ಬಿಟ್ಟರೆ ನಾನು ಅತಿ ಹೆಚ್ಚು ಮಾಡಿದ ಕೆಲಸ ಏನು ಅಂತ ಯಾರೂ ಕೇಳಲ್ಲ. ಕಾಡಿನಲ್ಲಿ ಪ್ಲಾಸ್ಟಿಕ್ ತಟ್ಟೆ ಎಸೆಯುತ್ತಿದ್ದೆ.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಟ್ಟೆ ಎಸೆಯೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ? ಮನೇಲೇ ಎಸೀತಿದ್ಯಲ್ಲ, ಸಾರು ಚೆನ್ನಾಗಿಲ್ಲ ಅಂತ" ಅಂದರು.

ಗೊತ್ತಿಲ್ಲದವರಿಗೆ ಎರಡು ಮಾತು. ಆಟದ ಹೆಸರು ಡಿಸ್ಕ್ ಗಾಲ್ಫ್. ನಿಯಮ ಹೆಚ್ಚುಕಮ್ಮಿ ಗಾಲ್ಫ್‌ದೇ. ಕೋಲು, ಚೆಂಡಿನ ಬದಲು ಡಿಸ್ಕ್. ನಾವು ಬೀಚಲ್ಲಿ ಆಡೋ ಫ್ರಿಸ್ಬೀಗಿಂತ ಚಿಕ್ಕದು, ಗಟ್ಟಿ, ಅಂಚು ಚೂಪು. ವ್ಯಾಸ ಸುಮಾರು 21 ಸೆಂಟಿಮೀಟರ್, ತೂಕ 170 ಗ್ರಾಂ ಆಸುಪಾಸು. ಗುಂಡಿಯ ಬದಲು ಒಂದು ಕಬ್ಬಿಣದ ಕಂಬ, ಅದರ ಸುತ್ತ ಇಳಿಬಿಟ್ಟ ಸರಪಳಿಗಳು, ಕೆಳಗೆ ಬುಟ್ಟಿ. ಟೀ ಅನ್ನೋ ಜಾಗದಿಂದ ಶುರುಮಾಡಿ, ಎಷ್ಟು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕ್ತೀರಿ ಅನ್ನೋದೇ ಲೆಕ್ಕ. ಒಂದು ಕೋರ್ಸ್‌ನಲ್ಲಿ ಸಾಮಾನ್ಯವಾಗಿ 18 ಬುಟ್ಟಿ.

ಆಟವನ್ನ ಒಂದು ರೂಪಕ್ಕೆ ತಂದವನು ಎಡ್ ಹೆಡ್ರಿಕ್ ಅನ್ನೋ ಅಮೆರಿಕನ್. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕ್‌ನಲ್ಲಿ ಮೊದಲ ಶಾಶ್ವತ ಕೋರ್ಸ್ ಮಾಡಿದ. ನಾಸಾದ ಜೆಪಿಎಲ್ ಲ್ಯಾಬ್ ಅದರ ಪಕ್ಕದಲ್ಲೇ ಇದೆ. ಆಗ ಬುಟ್ಟಿ ಇರಲಿಲ್ಲ, ಬರೀ ಕಂಬ. ಸರಪಳಿ ಬುಟ್ಟಿಗೆ ಆಮೇಲೆ ಪೇಟೆಂಟ್ ತಗೊಂಡವನೂ ಅವನೇ. 2002ರಲ್ಲಿ ತೀರಿಕೊಂಡಾಗ, ಅವನ ಆಸೆಯಂತೆ ಬೂದಿಯನ್ನ ಡಿಸ್ಕ್ ಮಾಡೋ ಪ್ಲಾಸ್ಟಿಕ್‌ಗೆ ಬೆರೆಸಿದರು. ನಮ್ಮಲ್ಲಿ ಕಾವೇರಿಗೆ ಬಿಡ್ತೀವಿ. ಆತ ಡಿಸ್ಕ್ ಆಗಿಬಿಟ್ಟ.

ಫಿನ್ಲೆಂಡ್‌ನಲ್ಲಿ ಇದು ನಮ್ಮ ಗಲ್ಲಿ ಕ್ರಿಕೆಟ್ ಇದ್ದ ಹಾಗೆ. ನೂರಾರು ಕೋರ್ಸ್‌ಗಳಿವೆ, ಬಹಳಷ್ಟು ಊರಿನ ಆಡಳಿತವೇ ಮಾಡಿಸಿದ್ದು, ಆಡೋಕೆ ದುಡ್ಡಿಲ್ಲ. ನಾನಿದ್ದ ಊರಲ್ಲಿ ನಮ್ಮ ಹಾಸ್ಟೆಲ್ ಹಿಂದಿನ ಕಾಡಲ್ಲೇ ಒಂದಿತ್ತು. ಅದಕ್ಕೆ ನನ್ನನ್ನ ಎಳ್ಕೊಂಡು ಹೋದವನು ನನ್ನ ರೂಮ್‌ಮೇಟ್. ಹುಬ್ಬಳ್ಳಿಯವನು, ಅಲ್ಲಿ ಮಾಸ್ಟರ್ಸ್ ಮಾಡ್ತಿದ್ದ. ನನಗಿಂತ ಮೂರು ವರ್ಷ ದೊಡ್ಡವನಾದ್ದರಿಂದ ನಾನು ಅಣ್ಣ ಅಂತಿದ್ದೆ.

ಮೊದಲ ದಿನ ಅಂಗಡಿಗೆ ಹೋಗಿ ಇದ್ದಿದ್ದರಲ್ಲೇ ಅತಿ ವೇಗದ ಡಿಸ್ಕ್ ತಗೊಂಡೆ. ಪ್ರತಿ ಡಿಸ್ಕ್ ಮೇಲೂ ನಾಲ್ಕು ಅಂಕಿ ಇರುತ್ತೆ. ವೇಗ, ತೇಲುವಿಕೆ, ಮೊದಲು ಎಷ್ಟು ಬಲಕ್ಕೆ ವಾಲುತ್ತೆ, ಕೊನೆಗೆ ಎಷ್ಟು ಎಡಕ್ಕೆ ಬೀಳುತ್ತೆ. ನಾನು ನೋಡಿದ್ದು ಮೊದಲ ಅಂಕಿ ಮಾತ್ರ, 12. ಮೊದಲ ಸೆಮ್‌ನಲ್ಲಿ ಹಲೋ ವರ್ಲ್ಡ್ ಬರೆಯೋಕೆ ಗೇಮಿಂಗ್ ಲ್ಯಾಪ್‌ಟಾಪ್ ತಗೊಳ್ತೀವಲ್ಲ, ಹಾಗೆ. ಎಸೆದೆ. ಮೂವತ್ತು ಮೀಟರ್ ಹೋಗಿ ಎಡಕ್ಕೆ ತಿರುಗಿ ಬ್ಲೂಬೆರಿ ಪೊದೆಯೊಳಗೆ ಮಲಗಿತು.

"ಲೇ ತಮ್ಮಾ, ಎಲ್ಲಾ ಎಡಕ್ಕ ಹೊಂಟೈತಲ್ಲೋ" ಅಂದ ಅಣ್ಣ. "ಆ ಡಿಸ್ಕಿಗೆ ಬೇಕಾದಷ್ಟು ಜೋರು ನಿನ್ನ ಕೈಯಾಗ ಇಲ್ಲ. ಪಟರ್ ತಗೊಂಡು ಒಗಿ."

ಯಾಕೆ ಎಡಕ್ಕೆ ಅನ್ನೋದು ಮೆಕ್ಯಾನಿಕ್ಸ್ ಕ್ಲಾಸಲ್ಲಿ ನಾವು ನಿದ್ದೆ ಹೊಡೆದ ಜೈರೋಸ್ಕೋಪ್ ಪಾಠ. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ ಡಿಸ್ಕ್ ಮೇಲಿಂದ ನೋಡಿದಾಗ ಗಡಿಯಾರದ ದಿಕ್ಕಲ್ಲಿ ಸುತ್ತುತ್ತೆ. ವೇಗ ಕಡಿಮೆಯಾದಂತೆ ಲಿಫ್ಟ್ ಕೇಂದ್ರ ಮುಂದೆ ಸರಿದು ಮೂತಿಯನ್ನ ಎತ್ತೋಕೆ ನೋಡುತ್ತೆ. ಸುತ್ತುತ್ತಿರೋ ವಸ್ತು ಮೂತಿ ಎತ್ತಲ್ಲ, ಪ್ರಿಸೆಷನ್‌ನಿಂದ ಎಡಕ್ಕೆ ವಾಲುತ್ತೆ. ಜೋರಾಗಿ ಹೋಗುವಾಗ ಇದರ ಉಲ್ಟಾ, ಬಲಕ್ಕೆ. ಒಳ್ಳೆ ಆಟಗಾರರ ಡಿಸ್ಕ್ ಆಕಾಶದಲ್ಲಿ ಎಸ್ ಅಕ್ಷರ ಬರೆಯುತ್ತೆ. ನಂದು ಬರೀ ಅರ್ಧ ಎಸ್.

ಅಲ್ಲಿ ನಾನು ತಗೊಂಡಿದ್ದ ಎಲೆಕ್ಟಿವ್‌ನಲ್ಲಿ ಒಂದು ಅಸೈನ್‌ಮೆಂಟ್ ಇತ್ತು. ಜನ ಬಳಸೋ ಯಾವುದಾದರೂ ಸಾರ್ವಜನಿಕ ಜಾಗ ತಗೊಳ್ಳಿ, ನೀವೇ ಐದು ಮಾನದಂಡ ಇಟ್ಕೊಳ್ಳಿ, ಮೌಲ್ಯಮಾಪನ ಮಾಡಿ, ನಾಲ್ಕು ಪುಟದ ರಿಪೋರ್ಟ್ ಕೊಡಿ. ಉಳಿದವರು ಲೈಬ್ರರಿ, ಬಸ್ ಸ್ಟಾಪ್ ಅಂತ ಹೋದರು. ನಾನು ಈ ಕೋರ್ಸ್ ಆರಿಸಿಕೊಂಡೆ. ಹೇಗೂ ದಿನಾ ಅಲ್ಲೇ ಇರ್ತೀನಿ, ಮಾರ್ಕ್ಸೂ ಬರಲಿ ಅಂತ.

ಮಾನದಂಡ ಐದು. ಟೀ ಹೇಗಿದೆ, ಬೋರ್ಡ್‌ಗಳು ದಾರಿ ತೋರಿಸುತ್ತಾ, ಬುಟ್ಟಿಗಳಲ್ಲಿ ವೈವಿಧ್ಯ ಇದೆಯಾ, ಆಟ ನ್ಯಾಯವಾಗಿದೆಯಾ, ಸುರಕ್ಷಿತವಾಗಿದೆಯಾ. ಮೊದಲ ಎರಡಕ್ಕೆ ತೊಂದರೆ ಇಲ್ಲ. ಟೀಗೆ ಕೃತಕ ಹುಲ್ಲು ಹಾಸಿದ್ದರು, ಮಳೆಯಲ್ಲೂ ಕಾಲು ಜಾರಲ್ಲ. ಪ್ರತಿ ಟೀಯಲ್ಲೂ ನಕ್ಷೆ, ದೂರ, ಪಾರ್. ಬುಟ್ಟಿಯಿಂದ ಮುಂದಿನ ಟೀಗೆ ಹೋಗೋ ದಾರಿ ಎರಡು ಕಡೆ ಮಾತ್ರ ಗೊಂದಲ. ನ್ಯಾಯದ ವಿಷಯಕ್ಕೆ ಬಂದಾಗ ನನ್ನ ಪೆನ್ನು ಕೆಂಪಾಯಿತು. ಮರಗಳು ಒತ್ತೊತ್ತಾಗಿವೆ, ಎಡಕ್ಕೆ ಬಿದ್ದರೆ ಗತಿ ಇಲ್ಲ, ಹೊಸಬರಿಗೆ ಅನ್ಯಾಯ ಅಂತೆಲ್ಲ ಬರೆದೆ. ಆ ವಾರ ನಾನು ಮೂರು ಡಿಸ್ಕ್ ಕಳಕೊಂಡಿದ್ದೆ ಅನ್ನೋದನ್ನ ಬರೀಲಿಲ್ಲ.

ಬರೆಯದೇ ಬಿಟ್ಟಿದ್ದು ಇನ್ನೊಂದಿತ್ತು.

ಹನ್ನೊಂದನೇ ಬುಟ್ಟಿ. 95 ಮೀಟರ್. ಸ್ಪ್ರೂಸ್ ಮರಗಳ ಮಧ್ಯೆ ಕಿರಿದಾದ ಓಣಿ, ಅರವತ್ತು ಮೀಟರ್ ಆದಮೇಲೆ ಎಡಕ್ಕೆ ತಿರುಗುತ್ತೆ. ನನ್ನಂಥವರ ಡಿಸ್ಕ್ ತಾನಾಗೇ ಎಡಕ್ಕೆ ಹೋಗೋದರಿಂದ ಇಡೀ ಕೋರ್ಸ್‌ನಲ್ಲಿ ನನಗೆ ಇಷ್ಟವಾದ ಬುಟ್ಟಿ ಅದೊಂದೇ. ಆ ತಿರುವಿನಲ್ಲೇ ಒಂದು ವಾಕಿಂಗ್ ದಾರಿ ಅಡ್ಡ ಹಾಯುತ್ತೆ. ಟೀಯಿಂದ ಕಾಣಲ್ಲ. ಐದಾರು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದರೆ ಕಾಣುತ್ತೆ.

ಅಕ್ಟೋಬರ್‌ನ ಒಂದು ಬೆಳಗ್ಗೆ, ಒಬ್ಬನೇ ಇದ್ದೆ. ಎಂಟು ಗಂಟೆ ಲೆಕ್ಚರ್‌ಗೆ ಮುಂಚೆ ಮುಗಿಸಬೇಕು ಅನ್ನೋ ಅವಸರ. ಹತ್ತು ಬುಟ್ಟಿವರೆಗೆ ನನ್ನ ಜೀವಮಾನದ ಅತ್ಯುತ್ತಮ ಸ್ಕೋರ್. ಹನ್ನೊಂದನೇ ಟೀಗೆ ಬಂದೆ, ನಿಲ್ಲಲಿಲ್ಲ, ಓಡಿ ಬಂದು ಎಸೆದೆ. ಕೈ ಬಿಟ್ಟ ಕ್ಷಣವೇ ಗೊತ್ತಾಯಿತು, ಚೆನ್ನಾಗಿ ಹೋಗಿದೆ ಅಂತ. ಓಣಿಯ ನಟ್ಟನಡುವೆ ಹೋಗಿ, ಸರಿಯಾದ ಜಾಗದಲ್ಲಿ ಎಡಕ್ಕೆ ತಿರುಗಿ ಮರೆಯಾಯಿತು. ಆಮೇಲೆ ಟಕ್ ಅಂತ ಒಂದು ಸದ್ದು. ಸರಪಳಿಯ ಸದ್ದಲ್ಲ. ಮರದ್ದೂ ಅಲ್ಲ.

ಓಡಿದೆ. ದಾರಿಯಲ್ಲಿ ಒಬ್ಬ ಅಜ್ಜಿ ನಿಂತಿದ್ದರು. ಅಲ್ಲಿನವರು ಎರಡೂ ಕೈಲಿ ಕೋಲು ಹಿಡ್ಕೊಂಡು ವಾಕಿಂಗ್ ಮಾಡ್ತಾರೆ. ಡಿಸ್ಕ್ ಬಡಿದದ್ದು ಎಡಗೈ ಕೋಲಿಗೆ, ಅವರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ. ಕೋಲು ಆಚೆ ಬಿದ್ದಿತ್ತು. ನಾನು ಸಾರಿ ಸಾರಿ ಅಂತ ಎಷ್ಟು ಸಲ ಹೇಳಿದೆನೋ. ಅವರು ನಿಧಾನಕ್ಕೆ ಬಗ್ಗಿ ಡಿಸ್ಕ್ ಎತ್ತಿಕೊಂಡರು. ತಿರುಗಿಸಿ ನೋಡಿದರು. ಕಳೆದುಹೋದರೆ ಸಿಗಲಿ ಅಂತ ಹಿಂದೆ ಹೆಸರು, ಫೋನ್ ನಂಬರ್ ಬರೆದಿರ್ತೀವಿ. ನನ್ನ ಹೆಸರನ್ನ ಓದಿ, ನನ್ನ ಮುಖ ನೋಡಿ, ಡಿಸ್ಕ್ ಕೈಗೆ ಕೊಟ್ಟು, ಒಂದೇ ಮಾತು ಅಂದರು. "ವರೊವಸ್ತಿ." ಹುಷಾರು, ಅಂತ. ಕೋಲು ಎತ್ತಿಕೊಟ್ಟೆ. ಹೋದರು.

ಬೈದಿದ್ದರೆ ಚೆನ್ನಾಗಿರೋದು. ಹಾಸನದಲ್ಲಾಗಿದ್ದರೆ ಇಷ್ಟರಲ್ಲಿ ಹತ್ತು ಜನ ಸೇರಿ ನನ್ನ ಜಾತಕ ಬಿಡಿಸಿರ್ತಿದ್ದರು, ಅಲ್ಲಿಗೆ ಲೆಕ್ಕ ಚುಕ್ತಾ. ಇಲ್ಲಿ ಲೆಕ್ಕ ನನ್ನ ಹತ್ತಿರವೇ ಉಳೀತು.

ರಿಪೋರ್ಟ್‌ನಲ್ಲಿ ಅದು ಹೀಗೆ ಬಂತು. ಬರೆದದ್ದು ಇಂಗ್ಲಿಷ್‌ನಲ್ಲಿ, ಕನ್ನಡಕ್ಕೆ ತಂದರೆ: "ಹನ್ನೊಂದನೇ ಟೀಯಿಂದ ವಾಕಿಂಗ್ ದಾರಿ ಕಾಣುವುದಿಲ್ಲ. ಒಂದು ಸಂದರ್ಭದಲ್ಲಿ ಡಿಸ್ಕ್ ಎಸೆಯಲಾಯಿತು; ಅದು ಪಾದಚಾರಿಯೊಬ್ಬರ ಸಮೀಪ ಬಿದ್ದಿತು. ಇದು ವಿನ್ಯಾಸದ ದೋಷ." ಸುರಕ್ಷತೆಗೆ ಐದಕ್ಕೆ ಒಂದು. ಒಟ್ಟು ಕೋರ್ಸ್‌ಗೆ ಐದಕ್ಕೆ ಎರಡು.

ನಮ್ಮ ಲ್ಯಾಬ್ ರೆಕಾರ್ಡ್ ನೆನಪು ಮಾಡ್ಕೊಳ್ಳಿ. ರೀಡಿಂಗ್ ತೆಗೆದುಕೊಳ್ಳಲಾಯಿತು. ಗ್ರಾಫ್ ಎಳೆಯಲಾಯಿತು. ತೆಗೆದುಕೊಂಡವರು ಯಾರು, ಪಕ್ಕದ ಬ್ಯಾಚ್‌ನಿಂದ ನೋಡಿ ಬರೆದವರು ಯಾರು, ಯಾರಿಗೂ ಬೇಡ. ಎರಡು ವರ್ಷ ಹಾಗೇ ಬರೆದು ಬರೆದು ಆ ವಾಕ್ಯ ನನ್ನ ಕೈಗೆ ತಾನಾಗೇ ಬರ್ತಿತ್ತು.

ಮೇಡಂ ರಿಪೋರ್ಟ್ ವಾಪಸ್ ಕೊಟ್ಟಾಗ ಎಲ್ಲೂ ಮಾರ್ಕ್ಸ್ ಹಾಕಿರಲಿಲ್ಲ. "ಎಸೆಯಲಾಯಿತು" ಅನ್ನೋ ಪದದ ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಗೆರೆ, ಪಕ್ಕದಲ್ಲಿ "ಯಾರು?" ಅಂತ. ಇನ್ನೊಂದು ವಾರ ಟೈಮ್ ಕೊಟ್ಟಿದ್ದರು.

ರೂಮಿಗೆ ಬಂದು ಅಣ್ಣನಿಗೆ ಎಲ್ಲ ಹೇಳಿದೆ. ಅಜ್ಜಿ ವಿಷಯ ಅವನಿಗೂ ಅಲ್ಲಿವರೆಗೆ ಹೇಳಿರಲಿಲ್ಲ.

"ಅಲ್ಲಿ ದಾರಿ ಐತಿ ಅಂತ ನಿನಗ ಗೊತ್ತಿತ್ತೋ, ಇಲ್ಲೋ?" ಅಂತ ಕೇಳಿದ.

ಗೊತ್ತಿತ್ತು. ಅದು ನನ್ನ ಐದನೇ ರೌಂಡ್. ಮೊದಲನೇ ದಿನವೇ ಅವನೇ ಮುಂದೆ ಹೋಗಿ ನೋಡಿ, "ಬಾ, ಯಾರೂ ಇಲ್ಲ" ಅಂತ ಕೈ ಮಾಡಿದ್ದ. ಯಾರಿಗೂ ಅಪಾಯ ಇಲ್ಲ ಅಂತ ಖಾತ್ರಿ ಆಗದೆ ಎಸೆಯಬಾರದು ಅನ್ನೋದು ಆಟದ ನಿಯಮ ಪುಸ್ತಕದಲ್ಲೇ ಇದೆ. ಅದೂ ಗೊತ್ತಿತ್ತು.

"ಹಂಗಾದ್ರ ಅದನ್ನ ಬರಿ. ಬೋರ್ಡ್ ಇಲ್ಲದ್ದು ಬ್ಯಾರೆ ಮಾತು, ಅದನ್ನೂ ಬರಿ."

ಆ ವಾರಾಂತ್ಯ ಎರಡು ದಿನವೂ ಡಿಸ್ಕ್ ಇಲ್ಲದೆ, ಫ್ಲಾಸ್ಕ್‌ನಲ್ಲಿ ಕಾಫಿ ಹಿಡ್ಕೊಂಡು ಹನ್ನೊಂದನೇ ಟೀ ಪಕ್ಕದ ಬೆಂಚಲ್ಲಿ ಕೂತೆ. ಬಂದವರನ್ನ ನೋಡೋದು, ನೋಟ್‌ಬುಕ್‌ನಲ್ಲಿ ಗೀಟು ಹಾಕೋದು. ಖಾಯಂ ಆಟಗಾರರು ಮಾತಾಡ್ತಾ ಮಾತಾಡ್ತಾನೇ ಮುಂದೆ ಹೋಗಿ ನೋಡಿ ಬರ್ತಿದ್ದರು, ಚಪ್ಪಲಿ ಬಿಟ್ಟು ಒಳಗೆ ಹೋಗೋಷ್ಟು ಸಹಜವಾಗಿ. ಹೊಸಬರು ಹೋಗ್ತಿರಲಿಲ್ಲ. ಅವರು ಬೋರ್ಡ್ ನೋಡ್ತಿದ್ದರು. ಬೋರ್ಡ್‌ನ ನಕ್ಷೆಯಲ್ಲಿ ಆ ದಾರಿಯೇ ಇರಲಿಲ್ಲ. ಅಂದರೆ ದೋಷ ಇದ್ದದ್ದು ನಿಜ. ಆದರೆ ಆ ದೋಷ ಹೊಸಬರಿಗೆ ಅನ್ವಯಿಸುತ್ತೆ. ನಾನು ಹೊಸಬ ಆಗಿರಲಿಲ್ಲ.

ಅಲ್ಲಿ ಕೂತಾಗ ಇನ್ನೊಂದೂ ಕಂಡಿತು. ನಾನು ಅನ್ಯಾಯ ಅಂದಿದ್ದ ಕೋರ್ಸ್‌ನಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು ಅಪ್ಪನ ಜೊತೆ ಆಡ್ತಿದ್ದಳು. ಪಟರ್ ಹಿಡಿದು ಇಪ್ಪತ್ತು ಇಪ್ಪತ್ತು ಮೀಟರ್ ನೇರಕ್ಕೆ ಎಸೆದು, ಆರನೇ ಎಸೆತಕ್ಕೆ ಬುಟ್ಟಿಗೆ ಹಾಕಿದಳು. ಪೊದೆಗೆ ಒಂದೂ ಹೋಗಲಿಲ್ಲ. ಅವಳ ಹಿಂದೆ ಬಂದ ಪಳಗಿದ ಕೈಯವನು ಎರಡರಲ್ಲಿ ಮುಗಿಸಿದ. ನಾಲ್ಕು ಐದು ಮಾಡಿದವರೂ ಇದ್ದರು. ಒಳ್ಳೆ ಪ್ರಶ್ನೆಪತ್ರಿಕೆಯ ಗುಣವೂ ಇದೇ ತಾನೇ? ಓದಿದವರಿಗೂ ಓದದವರಿಗೂ ಒಂದೇ ಮಾರ್ಕ್ಸ್ ಬಂದರೆ ಅದು ಕೆಟ್ಟ ಪೇಪರ್. ಇಲ್ಲಿ ಪ್ರತಿ ಕೈಗೂ ಬೇರೆ ಬೇರೆ ಉತ್ತರ ಸಿಗ್ತಿತ್ತು. ನನಗೆ ಸಿಕ್ಕಿದ್ದ ಉತ್ತರ ನನಗೆ ಹಿಡಿಸಿರಲಿಲ್ಲ, ಅಷ್ಟೇ.

ರಿಪೋರ್ಟ್ ಮತ್ತೆ ಬರೆದೆ. ವೈವಿಧ್ಯಕ್ಕೆ ನಾಲ್ಕೂವರೆ, ನ್ಯಾಯಕ್ಕೆ ನಾಲ್ಕು. ಸುರಕ್ಷತೆಗೆ ಎರಡು. ಅದನ್ನ ಪೂರ್ತಿ ಮೇಲೇರಿಸಲಿಲ್ಲ, ಯಾಕೆಂದರೆ ನಾನು ತಪ್ಪು ಮಾಡಿದೆ ಅಂದ ಮಾತ್ರಕ್ಕೆ ಬೋರ್ಡ್ ಸರಿಹೋಗಲ್ಲ. ಆ ಪ್ಯಾರಾ ಮಾತ್ರ ಬರೆಯೋಕೆ ಒಂದು ಸಂಜೆ ಹಿಡೀತು. "ಅಲ್ಲಿ ದಾರಿ ಇದೆ ಎಂದು ನನಗೆ ಗೊತ್ತಿತ್ತು. ನಾನು ನೋಡಲಿಲ್ಲ. ನಾನು ಎಸೆದೆ. ಡಿಸ್ಕ್ ಒಬ್ಬ ವೃದ್ಧೆಯ ಕೋಲಿಗೆ ಬಡಿಯಿತು." ನಾಲ್ಕು ವಾಕ್ಯ. ವ್ಯಾಕರಣದಲ್ಲಿ ಕಷ್ಟ ಏನೂ ಇಲ್ಲ, ಆದರೂ ಮೊದಲ ವಾಕ್ಯ ನಾಲ್ಕು ಸಲ ಅಳಿಸಿದೆ. ಕೆಳಗೆ ಎರಡು ಸಲಹೆ ಕೊಟ್ಟೆ. ನಕ್ಷೆಯಲ್ಲಿ ದಾರಿ ತೋರಿಸಿ, ಅಥವಾ ಟೀಯನ್ನ ಮುಂದೆ ಬಲಕ್ಕೆ ಸರಿಸಿ, ನಿಂತಲ್ಲಿಂದಲೇ ದಾರಿ ಕಾಣೋ ಹಾಗೆ.

ಮಾರ್ಕ್ಸ್ ಚೆನ್ನಾಗೇ ಬಂತು, ಕೇಳೋರಿಗೆ ಹೇಳ್ತಿದ್ದೀನಿ. ಸಲಹೆಯ ಭಾಗವನ್ನ ಊರಿನ ಕ್ರೀಡಾ ವಿಭಾಗಕ್ಕೂ ಮೇಲ್ ಮಾಡಿದೆ. ಧನ್ಯವಾದ, ಗಮನಿಸಿದ್ದೇವೆ ಅಂತ ಎರಡು ಸಾಲು ಬಂತು. ನವೆಂಬರ್‌ನಲ್ಲಿ ಹಿಮ ಬಿತ್ತು. ಡಿಸ್ಕ್ ಹಿಮದೊಳಗೆ ಹೂತು ಹೋಗದಿರಲಿ ಅಂತ ಹಿಂದೆ ರಿಬ್ಬನ್ ಅಂಟಿಸಿ ಆಡೋದನ್ನ ಕಲಿತೆ. ಆ ಅಜ್ಜಿಯನ್ನ ಮತ್ತೆ ಒಂದು ಸಲ ದೂರದಿಂದ ನೋಡಿದೆ. ಕೈ ಎತ್ತಿದೆ. ಅವರೂ ಕೋಲು ಎತ್ತಿದರು.

ಅಣ್ಣ ಈಗಲೂ ಅಲ್ಲೇ ಇದ್ದಾನೆ. ಮೊನ್ನೆ ಫೋನ್ ಮಾಡಿದಾಗ ಬೋರ್ಡ್ ಬಂತಾ ಅಂತ ಕೇಳಿದೆ. "ಬಂದಿಲ್ಲ. ನಾವಂತೂ ಹೋಗಿ ನೋಡೇ ಒಗೀತೀವಿ" ಅಂದ.

ಇಲ್ಲಿ ನಮ್ಮ ಬಾಯ್ಸ್ ಹಾಸ್ಟೆಲ್ ಗ್ರೌಂಡಲ್ಲಿ ಸಂಜೆ ನಾವು ನಾಲ್ಕು ಜನ ಆಡ್ತೀವಿ. ಬುಟ್ಟಿ ಇಲ್ಲ, ತುಕ್ಕು ಹಿಡಿದ ಒಂದು ಡ್ರಮ್ ಇದೆ. ಮೆಸ್‌ಗೆ ಹೋಗೋ ದಾರಿ ಗ್ರೌಂಡ್ ಮಧ್ಯೆಯೇ ಹಾಯುತ್ತೆ. ಹೊಸದಾಗಿ ಬಂದ ಜೂನಿಯರ್ ಒಬ್ಬ ಕೇಳಿದ, "ಬೇಗ ಎಸೀರಿ ಅಣ್ಣಾ, ಇಷ್ಟೊತ್ತು ಏನ್ ನೋಡ್ತಿದೀರ?"

"ಒಂದ್ನಿಮಿಷ ಇರೋ. ಯಾರೋ ಬರ್ತಿದಾರೆ."