ರಾಜಮಹಲ್ ಬೆಟ್ಟದಲ್ಲಿ ಕಲ್ಲಾದ ಕಾಡು

ಜಾರ್ಖಂಡ್‌ನಲ್ಲಿ ಗಂಗೆ ಹರಿಯುವ ಜಿಲ್ಲೆ ಸಾಹಿಬ್‌ಗಂಜ್ ಒಂದೇ. ಬೆಳಿಗ್ಗೆ ಊರು ಬಿಟ್ಟು ನಮ್ಮ ಜೀಪು ರಾಜಮಹಲ್ ಬೆಟ್ಟಗಳ ಮಂಡ್ರೋ ಕಡೆ ಹೊರಟಾಗ ಎದುರಾದದ್ದು ಜಲ್ಲಿ ತುಂಬಿದ ಲಾರಿಗಳು ಮತ್ತು ಅವು ಎಬ್ಬಿಸಿದ ಧೂಳು. ಮುಂದೆ ತಾಳೆಮರಗಳು, ಸಂತಾಲರ ಅಚ್ಚುಕಟ್ಟಾದ ಮಣ್ಣಿನ ಮನೆಗಳು. ಇನ್ನೂ ಮೇಲೆ, ಗುಡ್ಡದ ನೆತ್ತಿಯಲ್ಲಿ, ಸೌರಿಯಾ ಪಹಾಡಿಯಾ ಜನರ ಹಳ್ಳಿಗಳಿವೆ. ಅವರ ಮಾಲ್ತೋ ಭಾಷೆ ಕನ್ನಡದಂತೆಯೇ ದ್ರಾವಿಡ ಬಳಗದ್ದು.

ಇಲ್ಲಿ ಸಸ್ಯಗಳ ಪಳೆಯುಳಿಕೆ ಹುಡುಕುವವರು ಕಪ್ಪು ಬಸಾಲ್ಟ್ ಬಂಡೆಯ ಮುಂದೆ ಹೊತ್ತು ಕಳೆಯುವುದಿಲ್ಲ. ಸುಮಾರು 12 ಕೋಟಿ ವರ್ಷಗಳ ಹಿಂದೆ ಲಾವಾ ಅಲೆ ಅಲೆಯಾಗಿ ಹರಿದು ಈ ಬೆಟ್ಟಗಳಾದವು. ಎರಡು ಅಲೆಗಳ ನಡುವಿನ ಬಿಡುವಿನಲ್ಲಿ ಕೆರೆ ತುಂಬಿತು, ಕಾಡು ಬೆಳೆಯಿತು, ಉದುರಿದ ಎಲೆಗಳ ಮೇಲೆ ಹೂಳು ಕೂತಿತು. ಆಮೇಲೆ ಮತ್ತೆ ಲಾವಾ. ಆದ್ದರಿಂದ ಕಣ್ಣು ಹಾಯಿಸಬೇಕಾದದ್ದು ಬಸಾಲ್ಟಿನ ನಡುವೆ ಸಿಕ್ಕಿಕೊಂಡ ಪದರಗಲ್ಲಿನ ಮೇಲೆ.

ಅದೂ ಓರೆ ಬಿಸಿಲಿನಲ್ಲಿ. ಹೊತ್ತು ನೆತ್ತಿಗೇರಿದರೆ ಎಲೆಯ ಅಚ್ಚು ಕಲ್ಲಿನಲ್ಲೇ ಅಡಗಿಬಿಡುತ್ತದೆ.

ಕೊರಕಲೊಂದರ ಬದಿಯ ಕಲ್ಲಿನಲ್ಲಿ ನಮಗೆ ಕಂಡದ್ದು ಟೈಲೋಫಿಲಮ್: ನಡುವೆ ಒಂದು ದಂಟು, ಎರಡೂ ಬದಿಗೆ ಬಾಚಣಿಗೆ ಹಲ್ಲಿನಂಥ ಕಿರುಎಲೆಗಳು. ಸೈಕಾಡ್‌ಗಳನ್ನು ಹೋಲುವ, ಈಗ ಅಳಿದುಹೋಗಿರುವ ಗುಂಪಿನ ಗಿಡ ಇದು.

ಈ ಬೆಟ್ಟಗಳನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಸಸ್ಯ ಪಳೆಯುಳಿಕೆಗಳ ವಿಜ್ಞಾನಿ ಬೀರಬಲ್ ಸಾಹ್ನಿ ಮುಖ್ಯರು. ಬಿಡಿಬಿಡಿಯಾಗಿ ಸಿಕ್ಕ ಕಾಂಡ, ಎಲೆ, ಹೂವಿನಂಥ ಭಾಗಗಳನ್ನು ಕೂಡಿಸಿ 1932ರಲ್ಲಿ ಅವರು ವಿಲಿಯಮ್ಸೋನಿಯಾ ಗಿಡದ ಇಡೀ ರೂಪ ಬಿಡಿಸಿಟ್ಟರು. ಇದೇ ಬೆಟ್ಟಗಳ ನಿಪಾನಿಯಾದ ಸಿಲಿಕಾಮಯ ಕಲ್ಲಿನಲ್ಲಿ ಸಸ್ಯಗಳ ಜೀವಕೋಶಗಳೂ ಉಳಿದಿದ್ದವು. ಆ ಕಲ್ಲನ್ನು ತೆಳುವಾಗಿ ಕೊಯ್ದು ನೋಡಿ 1948ರಲ್ಲಿ ಪೆಂಟಾಕ್ಸೈಲಾನ್ ಸಸ್ಯಬಳಗವನ್ನು ವಿವರಿಸಿದರು. ಮರುವರ್ಷ ಏಪ್ರಿಲ್ 3ರಂದು ಲಖನೌದಲ್ಲಿ ಅವರ ಸಸ್ಯ ಪಳೆಯುಳಿಕೆ ಸಂಶೋಧನಾ ಸಂಸ್ಥೆಯ ಕಟ್ಟಡಕ್ಕೆ ನೆಹರು ಇಟ್ಟ ಅಡಿಗಲ್ಲಿನಲ್ಲೂ ಪಳೆಯುಳಿಕೆಗಳನ್ನೇ ಕೂರಿಸಲಾಗಿತ್ತು. ವಾರ ಕಳೆಯುವಷ್ಟರಲ್ಲಿ ಸಾಹ್ನಿ ತೀರಿಕೊಂಡರು.

ಮಂಡ್ರೋದಲ್ಲಿ ಈಗ ಫಾಸಿಲ್ ಪಾರ್ಕ್, ಮ್ಯೂಸಿಯಂ ಇವೆ. ಆದರೆ ಬೇಲಿಯಾಚೆಯ ಬೆಟ್ಟಗಳನ್ನು ಕ್ವಾರಿಗಳು ಕರಗಿಸುತ್ತಿವೆ. ಬಸಾಲ್ಟ್ ಒಡೆದಾಗ ನಡುವಿನ ಪದರವೂ ಪುಡಿಯಾಗುತ್ತದೆ. ಗಾಜಿನ ಪೆಟ್ಟಿಗೆಯೊಳಗಿನ ಮಾದರಿಗಳು ಇದಕ್ಕೆ ಪರಿಹಾರವಲ್ಲ. ಗಣಿಗಾರಿಕೆಗೆ ಅನುಮತಿ ಕೊಡುವ ಮೊದಲೇ ಭೂವಿಜ್ಞಾನಿಗಳು ಪದರಗಳನ್ನು ಪರಿಶೀಲಿಸಬೇಕು.

ಹೋಗುವವರು ಚಳಿಗಾಲದಲ್ಲಿ ಹೋಗಿ. ಕುಡಿಯುವ ನೀರು, ಬುತ್ತಿ ಜತೆಗಿರಲಿ. ಸ್ಥಳೀಯರೊಬ್ಬರನ್ನು ಕರೆದುಕೊಳ್ಳಿ. ಎಲೆಯಚ್ಚು ಕಂಡರೆ ಫೋಟೊ ತೆಗೆದು, ಜಾಗ ಗುರುತು ಹಾಕಿಕೊಂಡು, ಕಲ್ಲನ್ನು ಅಲ್ಲೇ ಬಿಟ್ಟು ಬನ್ನಿ. ಯಾವ ಪದರದ್ದೆಂದು ತಿಳಿಯದ ಪಳೆಯುಳಿಕೆಯಿಂದ ಸಂಶೋಧಕರಿಗೆ ಸಿಗುವ ಮಾಹಿತಿ ಬಹಳ ಕಡಿಮೆ.