ಬಾಪನ ಅಯಸ್ಕಾಂತ

ಉಪ್ಪಳದ ಹತ್ತಿರದ ನಮ್ಮ ಅಂಗಡಿಯ ಮೇಜಿನ ಡ್ರಾವರಿನಲ್ಲಿ ಒಂದು ದುಂಡು ಅಯಸ್ಕಾಂತ ಇರುತ್ತಿತ್ತು. ಕೆಟ್ಟುಹೋದ ರೇಡಿಯೋದ ಸ್ಪೀಕರಿನಿಂದ ಬಿಚ್ಚಿದ್ದು. ಸಜ್ಜಿಗೆಯ ಹೊಸ ಗೋಣಿ ಬಿಚ್ಚಿದಾಗಲೆಲ್ಲ ಬಾಪ ಅದನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಒಳಗೆ ಎರಡು ಸುತ್ತು ಓಡಾಡಿಸುತ್ತಿದ್ದರು. ಹೊರಗೆ ತೆಗೆದಾಗ ತೊಟ್ಟೆಯ ಮೇಲೆ ಕಪ್ಪು ಮೀಸೆಯ ಹಾಗೆ ಕಬ್ಬಿಣದ ಪುಡಿ. ಮಿಲ್ಲಿನ ರೋಲರ್ ಸವೆದು ಬಿದ್ದದ್ದು.

"ಜರಡಿ ಹಿಡಿದರೆ ಸಾಲದಾ?" ಎಂದು ಒಮ್ಮೆ ಕೇಳಿದ್ದೆ.

"ಸಜ್ಜಿಗೆಯೂ ಸಣ್ಣ, ಅದೂ ಸಣ್ಣ. ಜರಡಿಗೆ ಎರಡೂ ಒಂದೇ ಮೋನೆ. ಅಯಸ್ಕಾಂತಕ್ಕೆ ಮಾತ್ರ ಗುರುತು ಸಿಗುವುದು."

ಅಂಗಡಿ ಈಗ ಇಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ದಿನವೂ ರೈಲು ಹತ್ತಿ ಮಂಗಳೂರಿಗೆ ಹೋಗಿ, ಫ್ಲ್ಯಾಟುಗಳ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳ ಪಂಪು, ಬ್ಲೋವರ್, ಫಿಲ್ಟರ್ ರಿಪೇರಿ ಮಾಡುತ್ತೇನೆ. ಬಾಪನ ಅಯಸ್ಕಾಂತ ಮತ್ತೆ ನೆನಪಾಗಲು ಕಾರಣ ಉಮ್ಮನ ಕಾಯಿಲೆ.

ಎರಡು ಮಳೆಗಾಲದ ಹಿಂದೆ ಉಮ್ಮನಿಗೆ ಜ್ವರ ಬಂತು, ಮೂತ್ರ ಉರಿ. ಹಿಂದಿನ ಸಲ ಇದೇ ಕಾಯಿಲೆಗೆ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟಿದ್ದರು. ಅರ್ಧ ಸ್ಟ್ರಿಪ್ ಮನೆಯಲ್ಲಿ ಉಳಿದಿತ್ತು. ಡಾಕ್ಟರ ಹತ್ತಿರ ಹೋಗುವುದು ಯಾಕೆಂದು ನಾನೇ ತೆಗೆದುಕೊಟ್ಟೆ. ಎರಡು ದಿನಕ್ಕೆ ಉರಿ ಕಡಿಮೆಯಾಯಿತು, ನಿಲ್ಲಿಸಿದೆವು. ಉಳಿದ ಮೂರು ಮಾತ್ರೆಗಳನ್ನು ಬಚ್ಚಲ ಮೋರಿಗೆ ಹಾಕಿ ನೀರು ಬಿಟ್ಟೆ. ಹತ್ತು ದಿನದಲ್ಲಿ ಕಾಯಿಲೆ ವಾಪಸ್ ಬಂತು, ಈ ಸಲ ಚಳಿಜ್ವರದ ಜೊತೆ. ಆಸ್ಪತ್ರೆಯಲ್ಲಿ ಕಲ್ಚರ್ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಔಷಧಿಗಳ ಸಾಲು, ಪ್ರತಿಯೊಂದರ ಎದುರು ಒಂದು ಅಕ್ಷರ. ಹೆಚ್ಚಿನವುಗಳ ಎದುರು 'ಆರ್'. ಆರ್ ಎಂದರೆ ಆ ಔಷಧಿಗೆ ರೋಗಾಣು ಬಗ್ಗುವುದಿಲ್ಲ. ಸಿಪ್ರೋಫ್ಲಾಕ್ಸಾಸಿನ್ ಎದುರಿಗೂ ಆರ್. ಏಳು ದಿನ ಇಂಜೆಕ್ಷನ್ ಹಾಕಿಸಿಕೊಂಡು ಉಮ್ಮ ಎದ್ದರು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಇಂಥ ಅರೆಬರೆ ಮಾತ್ರೆಗಳಿಂದಲೇ ಬಲಹೀನ ರೋಗಾಣು ಸತ್ತು ಗಟ್ಟಿಯವು ಉಳಿಯುವುದು ಎಂದರು. ಆಮೇಲೆ ಒಂದು ಮಾತು ಹೇಳಿದರು: ನುಂಗಿದ ಸಿಪ್ರೋಫ್ಲಾಕ್ಸಾಸಿನ್‌ನಲ್ಲಿ ಅರ್ಧದ ಹತ್ತಿರ ಏನೂ ಬದಲಾಗದೆ ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಎಸೆದದ್ದು ಮಾತ್ರವಲ್ಲ, ತಿಂದದ್ದೂ ನೀರಿಗೇ ಸೇರುವುದು. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಅಲ್ಲಿಯೇ ಪಾಠ ಕಲಿಯುತ್ತವೆ.

ನೀರಿಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಡೋಸಲ್ಫಾನ್ ಕಂಡ ಜಿಲ್ಲೆ ನಮ್ಮದು. ಆದರೆ ಮಾತ್ರೆಯನ್ನು ನಾನು ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಕೊಳಚೆ ನೀರೇ ನನ್ನ ಕೆಲಸವಾದರೂ ಸೇರಿಸಿರಲಿಲ್ಲ. ನಮ್ಮ ಘಟಕಗಳಲ್ಲಿ ಗಾಳಿ ಊದುತ್ತೇವೆ, ಕೆಸರು ಕೂರಿಸುತ್ತೇವೆ, ಮರಳಿನ ಫಿಲ್ಟರ್ ದಾಟಿಸಿ ಕ್ಲೋರಿನ್ ಹಾಕುತ್ತೇವೆ. ಮಲಮೂತ್ರಕ್ಕಾಗಿ ಮಾಡಿದ ವ್ಯವಸ್ಥೆ ಅದು, ಔಷಧಿಗಾಗಿ ಅಲ್ಲ.

ಎಷ್ಟು ಕೆಡಬಹುದು ಎನ್ನುವುದಕ್ಕೆ ತೆಲಂಗಾಣದ ಪಟಾನ್‌ಚೆರು ಸಾಕ್ಷಿ. ಹೈದರಾಬಾದಿನ ಹತ್ತಿರದ ಈ ಊರಿನಲ್ಲಿ ಸುಮಾರು 90 ಔಷಧಿ ಕಾರ್ಖಾನೆಗಳ ನೀರು ಬರುತ್ತಿದ್ದ ಒಂದು ಶುದ್ಧೀಕರಣ ಘಟಕವನ್ನು ಸ್ವೀಡನ್ನಿನ ಸಂಶೋಧಕರು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಶುದ್ಧ ಮಾಡಿ ಹೊರಗೆ ಬಿಟ್ಟ ನೀರಿನಲ್ಲೇ ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೋಫ್ಲಾಕ್ಸಾಸಿನ್ ಇತ್ತು. ನಾನು ಲೆಕ್ಕ ಹಾಕಿ ನೋಡಿದೆ. ಉಮ್ಮನ ಮಾತ್ರೆ 500 ಮಿಲಿಗ್ರಾಂ. ಅಂದರೆ 16 ಲೀಟರ್ ನೀರಿಗೆ, ಒಂದು ಬಕೆಟಿಗೆ, ಒಂದು ಮಾತ್ರೆ. ಆಂಟಿಬಯೋಟಿಕ್ ತಯಾರಿಸುವ ಕಾರ್ಖಾನೆಗಳ ನೀರಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಮಾರ್ಗಸೂಚಿ ಬಂದದ್ದು 2024ರಲ್ಲಿ.

ಹಾಗಾದರೆ ನೀರಿನಿಂದ ಇದನ್ನು ತೆಗೆಯುವುದು ಹೇಗೆ? ಕಳೆದ ವರ್ಷ ಒಂದು ಕಾಲೇಜಿನ ಲ್ಯಾಬಿಗೆ ಸೆಂಟ್ರಿಫ್ಯೂಜ್ ರಿಪೇರಿಗೆ ಹೋಗಿದ್ದೆ. ಬೇರಿಂಗ್ ಹೋಗಿತ್ತು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯ ವಿಷಯವೇ ಇದಾಗಿತ್ತು. ಅವಳು ವಿವರಿಸಿದ್ದನ್ನು ನನಗೆ ಅರ್ಥವಾದ ಭಾಷೆಯಲ್ಲಿ ಹೇಳುತ್ತೇನೆ.

ಟೈಟಾನಿಯಂ ಡಯಾಕ್ಸೈಡ್ ಎಂಬ ಬಿಳಿ ಪುಡಿ ಇದೆ. ಪೈಂಟಿನಲ್ಲಿ ಬಿಳುಪಿಗೆ ಹಾಕುವುದು ಅದನ್ನೇ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೊಂಡಾ ಎಂಬ ವಿಜ್ಞಾನಿಗಳು ಬೆಳಕು ಬಿದ್ದರೆ ಈ ವಸ್ತು ನೀರನ್ನೇ ಒಡೆಯಬಲ್ಲದು ಎಂದು ತೋರಿಸಿದರು. ಬೆಳಕು ತಾಗಿದಾಗ ಪುಡಿಯೊಳಗಿನ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಏಳುತ್ತದೆ. ಎದ್ದ ಎಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹಿಡಿಯುತ್ತದೆ, ಖಾಲಿಯಾದ ಜಾಗ ನೀರಿನಿಂದ ಎಲೆಕ್ಟ್ರಾನ್ ಕಸಿಯುತ್ತದೆ. ಇದರಿಂದ ಹುಟ್ಟುವ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳು ಕ್ಷಣಮಾತ್ರ ಬದುಕುತ್ತವೆ, ಎದುರು ಸಿಕ್ಕಿದ ಔಷಧಿಯ ಅಣುವನ್ನು ಕಚ್ಚಿ ತುಂಡು ಮಾಡುತ್ತವೆ. ಪುಡಿ ಮಾತ್ರ ಖರ್ಚಾಗುವುದಿಲ್ಲ. ಅದಕ್ಕೇ ಇದು ಫೋಟೋಕ್ಯಾಟಲಿಸ್ಟ್.

ತೊಂದರೆ ಇರುವುದು ಪುಡಿಯ ಗಾತ್ರದಲ್ಲಿ. ಹೆಚ್ಚು ಮೈ ಬೆಳಕಿಗೆ ಸಿಗಲೆಂದು ಅದನ್ನು 20 ನ್ಯಾನೋಮೀಟರ್‌ನಷ್ಟು ಸಣ್ಣದಾಗಿ ಮಾಡುತ್ತಾರೆ. ನಮ್ಮ ತಲೆಕೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ನನ್ನ ಮರಳಿನ ಫಿಲ್ಟರ್ ಅದನ್ನು ಹಿಡಿಯುವ ಮಾತೇ ಇಲ್ಲ. ಔಷಧಿ ತೆಗೆಯಲು ಹೋಗಿ ನೀರಿಗೆ ಮತ್ತೊಂದು ಕಸ ಸೇರಿಸಿದ ಹಾಗೆ.

ಹುಡುಗಿ ಒಂದು ಸಣ್ಣ ಗಾಜಿನ ಶೀಶೆ ತೆಗೆದಳು. ಒಳಗೆ ಕಂದು ಬಣ್ಣದ ರಾಡಿ ನೀರು. ಶೀಶೆಯ ಬದಿಗೆ ಅಯಸ್ಕಾಂತ ಹಿಡಿದಳು. ಎರಡು ನಿಮಿಷದಲ್ಲಿ ಪುಡಿಯೆಲ್ಲ ಒಂದು ಬದಿಗೆ ಅಂಟಿ ನೀರು ತಿಳಿಯಾಯಿತು. ನನಗೆ ಸಜ್ಜಿಗೆಯ ಗೋಣಿಯ ಮುಂದೆ ನಿಂತ ಹಾಗಾಯಿತು.

ಆ ಪುಡಿಯ ಪ್ರತಿ ಕಣದ ನಡುವೆ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡಿನ ತಿರುಳಿದೆ. ಮೇಲೆ ಸಿಲಿಕಾದ ತೆಳು ಪದರ, ಅದರ ಮೇಲೆ ಟೈಟಾನಿಯಂ ಡಯಾಕ್ಸೈಡಿನ ಸಿಪ್ಪೆ. ನಡುವಿನ ಪದರ ಯಾಕೆಂದರೆ, ಎರಡೂ ನೇರ ತಾಗಿದರೆ ಎಲೆಕ್ಟ್ರಾನ್ ತಿರುಳಿಗೆ ಸೋರಿ ಕೆಲಸ ಕೆಡುತ್ತದೆ, ಕಬ್ಬಿಣವೂ ನೀರಿಗೆ ಕರಗುತ್ತದೆ. ತಿರುಳು ಇಷ್ಟು ಸಣ್ಣದಾದಾಗ ಅಯಸ್ಕಾಂತ ಹತ್ತಿರ ಇದ್ದರೆ ಮಾತ್ರ ಎಳೆಸಿಕೊಳ್ಳುತ್ತದೆ. ದೂರ ಮಾಡಿದರೆ ಆ ಗುಣ ಹೋಗುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ತೊಳೆದು ಮತ್ತೆ ಬಳಸಬಹುದು.

ಇಲ್ಲಿಗೆ ಬರಹ ಮುಗಿಸಿದರೆ ಎಲ್ಲವೂ ಸರಿಹೋಯಿತು ಎಂದು ನಿಮಗೆ ಅನ್ನಿಸಬಹುದು. ಆದರೆ ಪಂಪಿನವನ ಕಣ್ಣಿಗೆ ಬೇರೆಯದೂ ಕಾಣುತ್ತದೆ. ಅಯಸ್ಕಾಂತದ ಶಕ್ತಿ ದೂರ ಹೋದ ಹಾಗೆ ಬೇಗ ಇಳಿಯುತ್ತದೆ. ಶೀಶೆಯಲ್ಲಿ ದೂರ ಎರಡು ಸೆಂಟಿಮೀಟರ್, ನನ್ನ ಟ್ಯಾಂಕಿನಲ್ಲಿ ಮೂರು ಮೀಟರ್. ಟ್ಯಾಂಕಿನ ನೀರನ್ನು ಉಕ್ಕಿನ ನಾರು ತುಂಬಿದ ಕೊಳವೆಯಲ್ಲಿ, ಸುತ್ತ ಬಲವಾದ ಅಯಸ್ಕಾಂತವಿಟ್ಟು ಹರಿಸಬೇಕು. ಚೀನೀ ಜೇಡಿಮಣ್ಣು ಶುದ್ಧ ಮಾಡುವವರು ಹೀಗೆ ಮಾಡುತ್ತಾರೆ. ಅದಕ್ಕೆ ಕರೆಂಟು, ಖರ್ಚು. ಇನ್ನು ಟೈಟಾನಿಯಂ ಡಯಾಕ್ಸೈಡಿಗೆ ಬೇಕಾದ ಅಲ್ಟ್ರಾವಯಲೆಟ್ ಬಿಸಿಲಿನಲ್ಲಿ ಇರುವುದು ನೂರಕ್ಕೆ ಐದರಷ್ಟು. ಅದಕ್ಕಾಗಿಯೇ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡುವ ಜಿಂಕ್ ಫೆರೈಟ್‌ನಂಥ ಪುಡಿಗಳ ಹಿಂದೆ ಹಲವರು ಬಿದ್ದಿದ್ದಾರೆ. ಕೊಳಚೆಯ ಇತರ ಸಾವಯವ ವಸ್ತುಗಳೂ ಬೈಕಾರ್ಬನೇಟೂ ಔಷಧಿಗಿಂತ ಮೊದಲೇ ಆ ರ್‍ಯಾಡಿಕಲ್‌ಗಳನ್ನು ನುಂಗಿಬಿಡುತ್ತವೆ. ಔಷಧಿ ಒಡೆದ ಮೇಲೂ ಅದರ ತುಂಡುಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಉಳಿದಿದೆಯೇ ಎಂದು ನೋಡಬೇಕು.

ಹಾಗೆಂದು ಆ ಹುಡುಗಿಯ ಕೆಲಸ ಸಣ್ಣದಲ್ಲ. ನೀರಿಗೆ ಏನು ಹಾಕಿದರೂ ಅದನ್ನು ವಾಪಸ್ ತೆಗೆಯುವ ದಾರಿ ಮೊದಲೇ ಇಟ್ಟುಕೊಂಡಿರಬೇಕು ಎಂಬ ಬುದ್ಧಿ ಆ ಪುಡಿಯಲ್ಲೇ ಇದೆ. ನಾನು ಮೋರಿಗೆ ಹಾಕಿದ ಮೂರು ಮಾತ್ರೆಗಳಿಗೆ ಅಂಥ ತಿರುಳು ಇರಲಿಲ್ಲ.

ಆಂಟಿಬಯೋಟಿಕ್ ಪ್ರತಿರೋಧಕ್ಕೆಂದು ಕೇರಳ ಸರಕಾರ 2018ರಲ್ಲೇ ಕ್ರಿಯಾಯೋಜನೆ ಮಾಡಿದೆ. ಚೀಟಿ ಇಲ್ಲದೆ ಮಾರುವವರನ್ನು ಹಿಡಿಯಲು 2024ರಲ್ಲಿ 'ಆಪರೇಷನ್ ಅಮೃತ್' ಶುರುಮಾಡಿತು. ಅಂಗಡಿಯವರನ್ನು ಹಿಡಿಯಬಹುದು, ಮನೆಯ ಕಪಾಟನ್ನು ಯಾರು ಹಿಡಿಯುತ್ತಾರೆ?

ಮೊನ್ನೆ ಪಕ್ಕದ ಮನೆಯ ಇಚ್ಚ ಬಂದು, "ಉಮ್ಮನಿಗೆ ಕೊಟ್ಟ ಆ ದೊಡ್ಡ ಮಾತ್ರೆ ಉಳಿದಿದ್ದರೆ ಎರಡು ಕೊಡು, ಮಗುವಿಗೆ ಶೀತ" ಎಂದರು. ಶೀತಕ್ಕೆ ಅದು ಆಗುವುದಿಲ್ಲ, ಡಾಕ್ಟರಿಗೆ ತೋರಿಸುವ, ಬೈಕಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಎರಡು ಮಾತ್ರೆಗೂ ಲೆಕ್ಕ ಇಡುವವನಾದೆಯಾ ಎಂದು ಸಿಟ್ಟುಮಾಡಿಕೊಂಡರು. ಆದರೂ ಬೈಕ್ ಹತ್ತಿದರು. ಡಾಕ್ಟರು ಆವಿ ತೆಗೆದುಕೊಳ್ಳಲು ಹೇಳಿ ಕಳುಹಿಸಿದರು.

ಬಾಪನ ಅಯಸ್ಕಾಂತ ಈಗ ನನ್ನ ಟೂಲ್ ಬಾಕ್ಸಿನಲ್ಲಿದೆ. ಟ್ಯಾಂಕಿಗೆ ಬಿದ್ದ ನಟ್ಟು ಬೋಲ್ಟು ಹೆಕ್ಕಲು ಆಗುತ್ತದೆ.