ಕಾಳಿ ದಂಡೆಯ 962 ದಿನ

ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2016ರ ಮೇ ತಿಂಗಳಲ್ಲಿ ಮತ್ತೆ ಚಾಲೂ ಆದದ್ದು ನಿಂತದ್ದು 2018ರ ಡಿಸೆಂಬರ್ 31ಕ್ಕೆ. ಬಿಡುವಿಲ್ಲದೆ 962 ದಿನ ಓಡಿ, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿಯಿತು.

ಸೂರ್ಯ ಮುಳುಗಿದ ಮೇಲೂ, ಗಾಳಿ ಬಿದ್ದ ಹೊತ್ತಲ್ಲೂ ಕರೆಂಟು ಬೇಕು. ಕಲ್ಲಿದ್ದಲಿನ ಹೊಗೆ ಸಾಕು ಎನ್ನುವವರು ಈ 962 ದಿನಗಳ ಲೆಕ್ಕವನ್ನು ತಳ್ಳಿಹಾಕುವಂತಿಲ್ಲ.

ಆದರೆ ಇದೇ ಘಟಕದ ಗುಮ್ಮಟ 1994ರಲ್ಲಿ, ಕಟ್ಟುತ್ತಿರುವಾಗಲೇ ಕುಸಿದಿತ್ತು. ಅದಕ್ಕೂ ಮೊದಲು, 1989ರಲ್ಲಿ, 87ರ ಹರೆಯದ ಸಾಹಿತಿ ಶಿವರಾಮ ಕಾರಂತರು ಕೈಗಾ ಯೋಜನೆಯನ್ನು ವಿರೋಧಿಸಿ ಲೋಕಸಭಾ ಚುನಾವಣೆಗೇ ನಿಂತಿದ್ದರು.

ಈಗ ಅಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಉರಿದು ಮುಗಿದ ಇಂಧನವನ್ನು ಎಲ್ಲಿ, ಎಷ್ಟು ವರ್ಷ ಇಡುತ್ತಾರೆ ಎಂಬುದನ್ನು ಸುತ್ತಲಿನ ಕದ್ರಾ, ಮಲ್ಲಾಪುರದ ಜನರ ಮುಂದೆ ಕನ್ನಡದಲ್ಲೇ ಬಿಡಿಸಿ ಹೇಳಬೇಕು.